ನಿಂತಲ್ಲೇ ಗುಡುಗುವ ಕಾರು

ಯಜಮಾನರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರೆಂದರೆ ಬುರ್ರ ಕೀಲಿ ತಿರುಗಿಸಬೇಕು. ಹಳೇ ಕಾರು ಮಾರುವ ಆ ಅಂಗಳದಲ್ಲಿ ಅವನಿಗೆ ನೂರೆಂಟು ಕೆಲಸ. ಕಾರು ತೊಳೆ, ಟಯರಿಗೆ ಕಪ್ಪು ಬಳಿ, ಗೀರಿಗೆ ಬಣ್ಣ ಮೆತ್ತು, ಮುಂದಿನ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬೆಲೆ ಬರಿ. ಆದರೆ ಯಜಮಾನರು ಅವನನ್ನು ಸಾಕಿಕೊಂಡಿದ್ದು ಆ ಒಂದು ಕೀಲಿಗಾಗಿ. "ಸಾಕಿಕೊಂಡಿದೀನಿ" ಅನ್ನುವುದು ಅವರದೇ ಮಾತು. ಗೇಟಿನ ನಾಯಿಗೂ ಅದೇ ಮಾತು, ಬುರ್ರನಿಗೂ ಅದೇ ಮಾತು. ನಾಯಿಗೆ ಬಟ್ಟೆ ಹಿಂಡುವ ಕೆಲಸ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ಕೀಲಿಯ ಕಾರು ಅಂಗಳದ ಮುಂದಿನ ಸಾಲಿನಲ್ಲಿ, ರಸ್ತೆಗೆ ಮುಖ ಮಾಡಿ, ಗೇಣೆತ್ತರದ ಸಿಮೆಂಟ್ ಕಟ್ಟೆಯ ಮೇಲೆ ನಿಂತಿರುತ್ತಿತ್ತು. ಕಡುನೀಲಿ ಬಣ್ಣ, ನಾಲ್ಕು ಬಾಗಿಲು, ಹಿಂದೆ ಉದ್ದನೆಯ ಡಿಕ್ಕಿ. ದೂರದಿಂದ ನೋಡಿದವರಿಗೆ ಯಾವುದೋ ಬ್ಯಾಂಕ್ ಮ್ಯಾನೇಜರು ಆಫೀಸಿಗೆ ಹೋಗುವ ಕಾರಿನಂತೆ ಕಾಣಬೇಕು. ಹತ್ತಿರ ಬಂದವನಿಗೆ ಮಾತ್ರ ಗೊತ್ತಾಗುತ್ತಿತ್ತು, ಚಕ್ರ ಅಗಲ, ಮೈ ನೆಲಕ್ಕೆ ತಗ್ಗು, ಹಿಂದೆ ಎರಡೂ ಕಡೆ ಜೋಡಿ ಸೈಲೆನ್ಸರ್ ಕೊಳವೆ, ಬಾನೆಟ್ಟಿನ ಕೆಳಗೆ ಎರಡು ಕಾರಿಗೆ ಹಂಚಬಹುದಾದಷ್ಟು ಎಂಜಿನ್. ಸೂಟು ಹಾಕಿಕೊಂಡ ಪೈಲ್ವಾನ. ಹೊಸದರಲ್ಲಿ ಅದನ್ನು ಕೊಂಡಿದ್ದ ಯಾರೋ ದೊಡ್ಡ ಮನುಷ್ಯ ಸಣ್ಣ ಮನುಷ್ಯನಾಗಿ ಮಾರಿಕೊಂಡು ಹೋಗಿದ್ದ. ಯಜಮಾನರು ಕೊಂಡವರು ಮಾರಲಿಲ್ಲ. ಮಾರಲು ಕೊಂಡೇ ಇರಲಿಲ್ಲ.

ಅದು ಗಾಳಕ್ಕೆ ಸಿಕ್ಕಿಸಿದ ಎರೆ. ರಸ್ತೆಯಲ್ಲಿ ಹೋಗುವ ಗಂಡಸಿನ ಕಣ್ಣು ಅದರ ಮೇಲೆ ಬೀಳುತ್ತಿತ್ತು, ಕಾಲು ತಾನೇ ಒಳಗೆ ಬರುತ್ತಿತ್ತು. ಹಿಂದೆ ಹೆಂಡತಿ, ಹೆಂಡತಿಯ ಕೈಯಲ್ಲಿ ಮಗು.

"ಬನ್ನಿ ಸಾರ್, ಕೂತೇ ನೋಡಿ. ಕೂರೋದಕ್ಕೇನು ದುಡ್ಡಾ?" ಎಂದು ಯಜಮಾನರು ಬಾಗಿಲು ತೆಗೆಯುತ್ತಿದ್ದರು. ಚಾಲಕನ ಸೀಟಿನಲ್ಲಿ ಬುರ್ರ ಆಗಲೇ ಬಟ್ಟೆ ಹಿಡಿದು, ಧೂಳು ಒರೆಸುತ್ತಿರುವವನ ಹಾಗೆ ಕೂತಿರುತ್ತಿದ್ದ. ಗಿರಾಕಿ ಪಕ್ಕದಲ್ಲಿ ಕೂತು ಚರ್ಮದ ಸೀಟು ಸವರುತ್ತಿರುವಾಗ ಯಜಮಾನರ ಕನ್ನಡಕ ಮೂಗಿನಿಂದ ಇಳಿಯುತ್ತಿತ್ತು. ಆಗ ಬುರ್ರ ಕೀಲಿ ತಿರುಗಿಸಿ ಕಾಲು ಒತ್ತುತ್ತಿದ್ದ. ಅಂಗಳದ ತಗಡಿನ ಬೋರ್ಡು ಗಡಗಡ ನಡುಗುತ್ತಿತ್ತು. ಪಕ್ಕದ ಔಷಧಿ ಅಂಗಡಿಯಾಕೆ ಕಿವಿ ಮುಚ್ಚಿಕೊಂಡು ಬುರ್ರನ ವಂಶವನ್ನೆಲ್ಲ ನೆನೆಯುತ್ತಿದ್ದಳು. ಮಗು ಅಳುತ್ತಿತ್ತು. ಗಂಡಸಿನ ಮುಖ ಮಾತ್ರ ಮಳೆ ಕಂಡ ನೆಲದಂತೆ ಆಗುತ್ತಿತ್ತು.

ಅಷ್ಟಾದ ಮೇಲೆ ಯಜಮಾನರು ನಿಟ್ಟುಸಿರು ಬಿಡುತ್ತಿದ್ದರು. ಅದೊಂದು ನಿಟ್ಟುಸಿರಿಗೆ ಬಹುಮಾನ ಕೊಡಬೇಕು.

"ಆದ್ರೆ ಸಾರ್, ನಿಮ್ಮನ್ನ ತಮ್ಮ ಅಂದ್ಕೊಂಡು ಹೇಳ್ತೀನಿ. ಬೇಡ. ಇದು ಪೆಟ್ರೋಲ್ ಕುಡಿಯಲ್ಲ, ಸ್ನಾನ ಮಾಡತ್ತೆ."

"ಅಣ್ಣ ಸರಿಯಾಗಿ ಹೇಳ್ತಿದಾರೆ ರೀ," ಎಂದು ಹೆಂಡತಿ ತಪ್ಪದೆ ಹೇಳುತ್ತಿದ್ದಳು. ಆಮೇಲೆ ಎಲ್ಲರೂ ಹಿಂದಿನ ಸಾಲಿಗೆ. ಅಲ್ಲಿ ಬಿಳಿಯವು, ಬೂದಿಯವು, ಸೋಪಿನ ಡಬ್ಬಿಯಂಥ ಸಣ್ಣ ಕಾರುಗಳು. ಗಂಡಸು ತಲೆ ತಗ್ಗಿಸಿ ಒಂದಕ್ಕೆ ಕೈ ತೋರಿಸಿ, ಹೇಳಿದ ಬೆಲೆ ಕೊಟ್ಟು ಹೋಗುತ್ತಿದ್ದ.

"ಆಸೆ ಬಿಟ್ಕೊಟ್ಟೋನು ಚೌಕಾಸಿ ಮಾಡಲ್ಲ ಕಣೋ," ಎಂದು ಯಜಮಾನರು ಒಮ್ಮೆ ಖುಷಿಯಲ್ಲಿದ್ದಾಗ ಬುರ್ರನಿಗೆ ವಿದ್ಯೆ ಹೇಳಿಕೊಟ್ಟಿದ್ದರು. "ಹೆಂಡ್ತಿ ಮುಂದೆ ಆಗ್ಲೇ ತ್ಯಾಗ ಮಾಡಿರ್ತಾನಲ್ಲ, ಇನ್ನು ಚಿಲ್ಲರೆಗೆ ಜಗಳ ಆಡಿದ್ರೆ ಮರ್ಯಾದೆ ಹೋಗತ್ತೆ."

ಹಟಮಾರಿ ಯಾರಾದರೂ ಅದೇ ಬೇಕೆಂದರೆ ಅದಕ್ಕೂ ಮದ್ದಿತ್ತು. "ಅಯ್ಯೋ, ಬುಕ್ ಆಗೋಯ್ತಲ್ಲ ಸಾರ್, ನಿನ್ನೆ ಸಂಜೆ ತಾನೆ." ಆ ನಿನ್ನೆಯ ಸಂಜೆಗೆ ಈಗ ವರ್ಷಗಳಾಗಿದ್ದವು.

ಬುರ್ರ ಅನ್ನುವ ಹೆಸರು ಬಂದದ್ದು ಈ ಕೀಲಿಯ ಸದ್ದಿನಿಂದಲೇ. ಅದಕ್ಕೂ ಮುಂಚೆ ಶಾಲೆಯಲ್ಲಿ ಒಬ್ಬ ಮೇಷ್ಟರು, "ನೀನು ಸದ್ದು ಮಾಡೋದಕ್ಕೇ ಹುಟ್ಟಿದೋನು, ಇನ್ಯಾವುದಕ್ಕೂ ಬರಲ್ಲ" ಎಂದು ಇಡೀ ತರಗತಿಯ ಮುಂದೆ ಹೇಳಿದ್ದರು. ಅವನು ಚೀಲ ಹೆಗಲಿಗೇರಿಸಿ, ಬಾಗಿಲನ್ನು ಆ ಮಾತಿಗೆ ತಕ್ಕ ಸದ್ದಿನಲ್ಲಿ ಬಡಿದು ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಸಿಕ್ಕಿದ್ದೂ ಸದ್ದು ಮಾಡುವ ಕೆಲಸವೇ. ಇದನ್ನು ಯೋಚಿಸಿದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟರ ಮಾತು ಸುಳ್ಳು ಮಾಡಬೇಕಿತ್ತು, ಆದರೆ ಸಂಬಳ ಬರುತ್ತಿದ್ದುದು ಅದನ್ನು ನಿಜ ಮಾಡುವುದಕ್ಕೆ.

ಕಾರಿನ ಮೇಲೆ ಮಾತ್ರ ಅವನಿಗೆ ಸಿಟ್ಟಿರಲಿಲ್ಲ. ಬೇರೆ ಕಾರುಗಳನ್ನು ಅಂಗಳದ ಬಟ್ಟೆಯಲ್ಲಿ ಒರೆಸಿದರೆ ಇದಕ್ಕೆ ಮನೆಯಿಂದ ತಂದ ಮೆತ್ತನೆಯ ಬಟ್ಟೆ. ರಜೆಯ ದಿನವೂ ಬೆಳಿಗ್ಗೆ ಎದ್ದು ಬಂದು, ಗೇಟು ಹಾರಿ, ಬ್ಯಾಟರಿ ಸತ್ತೀತು ಅಂತ ಒಮ್ಮೆ ಶುರು ಮಾಡಿ, ಒಂದಿಷ್ಟು ಗುರ್ ಅನ್ನಿಸಿ, ನಿಲ್ಲಿಸಿ ಹೋಗುತ್ತಿದ್ದ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಬೆಳೆಸಿದ ಅಕ್ಕ ಇದನ್ನು ನೋಡಿ, "ನನಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಲ್ಲ, ಅದರ ಬಾನೆಟ್ ಮುಟ್ಟಿ ನೋಡೋಕೆ ಬೆಳಿಗ್ಗೆ ಬೆಳಿಗ್ಗೆ ಓಡ್ತೀಯಲ್ಲೋ" ಎಂದು ಹಂಗಿಸುತ್ತಿದ್ದಳು.

ಕಟ್ಟೆಯಿಂದ ಅದನ್ನು ಇಳಿಸಲು ಮಾತ್ರ ಅಪ್ಪಣೆ ಇರಲಿಲ್ಲ. "ಗೀರು ಬಿದ್ರೆ ನಿನ್ನ ಚರ್ಮ ಸುಲಿದು ಬಣ್ಣ ಹಾಕಿಸ್ತೀನಿ," ಎಂದಿದ್ದರು ಯಜಮಾನರು. ಅದು ಓಡಿದ್ದನ್ನು ಕಂಡವರು ಆ ಅಂಗಳದಲ್ಲಿ ಯಾರೂ ಇರಲಿಲ್ಲ.

ಗಿರಾಕಿ ಕಡಿಮೆಯಾದಾಗಲೆಲ್ಲ ಯಜಮಾನರು ಎರೆಯನ್ನು ಇನ್ನಷ್ಟು ರುಚಿ ಮಾಡುತ್ತಿದ್ದರು. "ಬೆಲೆ ಇಳಿಸಿ ಬರಿಯೋ, ಹೆಂಗಿದ್ರೂ ಮಾರಲ್ವಲ್ಲ." ಬುರ್ರ ಗಾಜಿನ ಮೇಲಿನ ಹಳೇ ಅಂಕೆ ಕೆರೆದು ಹೊಸ ಅಂಕೆ ಬರೆಯುತ್ತಿದ್ದ. ಗಾಜಿನ ಮೇಲಿನ ಅಂಕೆ ಇಳಿಯುತ್ತಾ ಬಂತು. ಬ್ಯಾಂಕಿನಲ್ಲಿ ಅವನ ಉಳಿತಾಯ ಹತ್ತುತ್ತಾ ಬಂತು. ಒಂದು ಬೆಳಿಗ್ಗೆ ಬ್ರಷ್ಷು ಹಿಡಿದು ಕೊನೆಯ ಸೊನ್ನೆಯನ್ನು ದುಂಡಗೆ ತಿದ್ದುವಾಗ, ಎರಡೂ ಮಧ್ಯದಲ್ಲಿ ಸಂಧಿಸಿಬಿಟ್ಟಿವೆ ಎಂದು ಅವನಿಗೆ ಹೊಳೆಯಿತು. ಬ್ರಷ್ಷಿನಿಂದ ಬಿಳಿ ಬಣ್ಣ ಅಂಗಿಯ ಮೇಲೆ ತೊಟ್ಟಿಕ್ಕುತ್ತಿದ್ದರೂ ಗೊತ್ತಾಗಲಿಲ್ಲ.

ಅವತ್ತು ಮಧ್ಯಾಹ್ನ ಬಂದವರು ಹಲ್ಲಿನ ಡಾಕ್ಟರು. ಜೊತೆಗೆ ಹೆಂಡತಿ, ಅತ್ತೆ. ಕನ್ನಡಕ ಇಳಿಯಿತು, ಎಂಜಿನ್ ಗುಡುಗಿತು, ನಿಟ್ಟುಸಿರು ಬಂತು. ಆದರೆ ಡಾಕ್ಟರು ಸೀಟಿನಿಂದ ಏಳಲಿಲ್ಲ.

"ನನಗೆ ಇದೇ ಬೇಕು. ಗಾಜಿನ ಮೇಲಿರೋ ಬೆಲೆ ಕೊಡ್ತೀನಿ."

"ಅಯ್ಯೋ, ಇದು ಬುಕ್ ಆಗೋಯ್ತಲ್ಲ ಡಾಕ್ಟ್ರೇ. ನಿನ್ನೆ ಸಂಜೆ ತಾನೆ."

"ಯಾರು ಬುಕ್ ಮಾಡಿರೋದು? ನಾನೇ ಮಾತಾಡ್ತೀನಿ ಅವರ ಹತ್ರ."

ಯಜಮಾನರು ಬಾಯಿ ತೆರೆದರು. ಅದರೊಳಗಿಂದ ಮಾತು ಬರುವ ಮೊದಲು ಚಾಲಕನ ಸೀಟಿನಿಂದ ಬಂತು.

"ನಾನು," ಎಂದ ಬುರ್ರ.

ಎಲ್ಲರೂ ತಿರುಗಿ ನೋಡಿದರು. ಕೈಯಲ್ಲಿ ಒರೆಸುವ ಬಟ್ಟೆ, ಅಂಗಿಯ ಮೇಲೆ ಬಿಳಿ ಬಣ್ಣ, ಕಾಲಲ್ಲಿ ರಬ್ಬರ್ ಚಪ್ಪಲಿ.

"ನೀನಾ?" ಎಂದರು ಡಾಕ್ಟರು.

"ಯಾಕೆ ಸಾರ್, ಕೊಳ್ಳೋರ ಮುಖ ಬೇರೆ ಇರತ್ತಾ?"

"ತಮಾಷೆ ಮಾಡ್ತಾನೆ, ಸ್ವಲ್ಪ ಲೂಸು," ಎಂದು ಯಜಮಾನರು ನಕ್ಕರು. ನಗು ಹಲ್ಲಿನವರೆಗೆ ಬಂದು ಕಣ್ಣಿಗೆ ಹೋಗಲಿಲ್ಲ. ಬುರ್ರ ಬುಕ್ ಮಾಡಿಲ್ಲ ಅಂದರೆ ಡಾಕ್ಟರು ಅಲ್ಲೇ ದುಡ್ಡು ಬಿಚ್ಚುತ್ತಾರೆ. ಮಾಡಿದ್ದಾನೆ ಅಂದರೆ ಇವನ ಪಾಲು. ಎರಡರಲ್ಲೂ ಕಾರು ಹೋಯಿತು. ಹಿಂದಿನ ಸಾಲಿನಲ್ಲಿ ಇನ್ನೆರಡು ಸಂಸಾರ ಕಿವಿ ನಿಮಿರಿಸಿ ನಿಂತಿದ್ದವು. ಇವನ ಹತ್ತಿರ ದುಡ್ಡೆಲ್ಲಿಂದ ಬರಬೇಕು, ಡಾಕ್ಟರನ್ನು ಸಾಗಹಾಕಿ ಆಮೇಲೆ ಇವನ ಕಿವಿ ಹಿಂಡಿದರಾಯಿತು ಎಂದು ಯಜಮಾನರು ಲೆಕ್ಕ ಹಾಕಿರಬೇಕು.

"ಹೂಂ ಡಾಕ್ಟ್ರೇ, ಇವನೇ. ಮನೆ ಹುಡುಗ ಅಲ್ವಾ, ಇಲ್ಲ ಅನ್ನೋಕಾಗತ್ತಾ?"

"ಹಂಗಾದ್ರೆ ಅಕೌಂಟ್ ನಂಬರ್ ಗೊತ್ತು, ಕಳಿಸ್ತಿದೀನಿ ಯಜಮಾನ್ರೇ. ಗಾಜಿನ ಮೇಲಿರೋ ಬೆಲೆ," ಎಂದು ಬುರ್ರ ಫೋನು ತೆಗೆದ. ಹೆಬ್ಬೆರಳು ಒತ್ತಿದ. ಯಜಮಾನರ ಜೇಬು ಟಿಂಗ್ ಅಂದಿತು.

ಡಾಕ್ಟರ ಅತ್ತೆ ಚಪ್ಪಾಳೆ ತಟ್ಟಿಬಿಟ್ಟರು. "ಭಲೇ ಮಗನೇ! ರೀ ಅಳಿಯಂದ್ರೇ, ಸಾಕ್ಷಿ ಸೈನ್ ಹಾಕಿ. ನೀವಂತೂ ತಗೊಳ್ಳಲಿಲ್ಲ, ಅಷ್ಟಾದ್ರೂ ಮಾಡಿ."

ಡಾಕ್ಟರು ಮುಖ ಹುಳಿ ಮಾಡಿಕೊಂಡೇ ಮಾರಾಟದ ಕಾಗದಕ್ಕೆ ಸಾಕ್ಷಿ ಹಾಕಿದರು, ಸೋಪಿನ ಡಬ್ಬಿಗಳ ಕಡೆ ನೋಡದೆ ಹೋದರು. ಅವರ ಹಿಂದೆಯೇ ಉಳಿದೆರಡು ಸಂಸಾರವೂ ಜಾಗ ಖಾಲಿ ಮಾಡಿದವು.

"ಗಾಳಾನೇ ನುಂಗ್ಬಿಟ್ಯಲ್ಲೋ," ಎಂದರು ಯಜಮಾನರು ಹಲ್ಲು ಕಡಿದು. "ಮೂರು ಗಿರಾಕಿ ಕಳೆದೆ. ತಗೊಂಡ್ಹೋಗು. ಆದ್ರೆ ನಾಳೆಯಿಂದ ಈ ಗೇಟ್ ಒಳಗೆ ಕಾಲಿಡಬೇಡ."

"ಕಾಲು ಯಾಕಿಡ್ಲಿ? ಚಕ್ರ ಇದೆಯಲ್ಲ," ಎಂದ ಬುರ್ರ. ಹಲಗೆ ಇಟ್ಟು ಕಟ್ಟೆಯಿಂದ ಕಾರನ್ನು ಇಳಿಸಿದ.

ರಸ್ತೆಗೆ ಬಂದ ಕೂಡಲೇ ಕಾರು ಧಡಕ್ ಧಡಕ್ ಅಂದಿತು. ವರ್ಷಗಟ್ಟಲೆ ಒಂದೇ ಕಡೆ ನಿಂತು ಟಯರುಗಳು ನೆಲ ತಾಗಿದಲ್ಲಿ ಚಪ್ಪಟೆಯಾಗಿದ್ದವು. ಬ್ರೇಕು ಒತ್ತಿದರೆ ಕಬ್ಬಿಣದ ಬಾಗಿಲು ತೆರೆದಂತೆ ಕಿರುಗುಟ್ಟುತ್ತಿತ್ತು. ಅವನಿಗೆ ಅದೊಂದೂ ಕೇಳಿಸಲಿಲ್ಲ. ಕಿಟಕಿ ಇಳಿಸಿ ಮೊಣಕೈ ಹೊರಗೆ ಚಾಚಿದ್ದ. ಔಷಧಿ ಅಂಗಡಿಯಾಕೆ ಕಿವಿ ಮುಚ್ಚಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ, ಬಾಯಿ ಬಿಟ್ಟುಕೊಂಡು ನೋಡಿದಳು. ಊರಿನವರೆಲ್ಲ ಈಗಲೇ ಈ ರಸ್ತೆಗೆ ಬರಬಾರದೇ, ಆ ಮೇಷ್ಟರು ಒಬ್ಬರಾದರೂ ಬರಬಾರದೇ ಅನ್ನಿಸಿತು ಅವನಿಗೆ.

ನೀರಿನ ಟ್ಯಾಂಕಿನ ಹತ್ತಿರ ರಸ್ತೆ ಏರುತ್ತದೆ. ಅಲ್ಲಿ ಅವನು ಕಾಲು ಒತ್ತಿದ. ಕಾರು ಒಂದು ಸಲ ಬೆನ್ನಿಗೆ ಗುದ್ದಿದ ಹಾಗೆ ಮುಂದೆ ಹಾರಿತು. ಅದೇ ಉಸಿರಿನಲ್ಲಿ ಸ್ಟೇರಿಂಗಿನ ಎದುರಿಗೆ, ಎಂಜಿನ್ನಿಗೆ ಎಣ್ಣೆ ಸಾಲದೆಂದು ಹೇಳುವ ಕೆಂಪು ದೀಪ ಹತ್ತಿಕೊಂಡಿತು. ಬಾನೆಟ್ಟಿನ ಕೆಳಗೆ ಯಾರೋ ಚಮಚದಿಂದ ತಟ್ಟೆ ಬಡಿದ ಹಾಗೆ ಟಕಟಕ ಶುರುವಾಯಿತು.  ಬುರ್ರನ ಕೈ ತಾನೇ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿತು. ಹಿಂದಿದ್ದ ಬಸ್ಸಿನವನು ಹಾರ್ನಿನ ಮೇಲೆ ಕೂತುಬಿಟ್ಟ.

"ಏನಪ್ಪಾ ಮಹಾರಾಜ, ಕುದುರೆ ಮಲಗ್ತಾ?"

ಬುರ್ರ ಇಳಿದು ಕಾರನ್ನು ರಸ್ತೆಯ ಅಂಚಿಗೆ ತಳ್ಳತೊಡಗಿದ. ತಿರುಗಿ ಬೈಯದೇ ಇದ್ದದ್ದು ಅವನ ಜೀವನದಲ್ಲೇ ಮೊದಲು.

ಹಗ್ಗ ಕಟ್ಟಿ ಎಳೆದು ತಂದದ್ದು ಬೋಲ್ಟ್ ಮಾವನ ಶೆಡ್ಡಿಗೆ. ಈ ಮಾವ ಸಂಬಂಧದಲ್ಲಿ ಯಾರಿಗೂ ಮಾವನಲ್ಲ. ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಅವನ ಕೈಯಲ್ಲಿ ಯಾವಾಗಲೂ ಒಂದು ಬೋಲ್ಟ್ ಉಳಿಯುತ್ತಿದ್ದುದರಿಂದ ಆ ಹೆಸರು. ಕೇಳಿದರೆ, "ಕಂಪನಿಯೋರು ದಂಡಕ್ಕೆ ಒಂದು ಜಾಸ್ತಿ ಹಾಕಿರ್ತಾರೆ" ಅನ್ನುತ್ತಿದ್ದ. ತನ್ನಂಥ ಮೆಕ್ಯಾನಿಕ್ ಸುತ್ತಮುತ್ತ ಇಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಸುತ್ತಮುತ್ತ ಬೇರೆ ಮೆಕ್ಯಾನಿಕ್ಕೇ ಇರಲಿಲ್ಲವಾದ್ದರಿಂದ ಅದು ಸುಳ್ಳೂ ಅಲ್ಲ.

ಮಾವ ಎಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೆಗೆದ. ಮುಚ್ಚಳದ ಒಳಗೆಲ್ಲ ಹಾಲು ಹೆಚ್ಚಾದ ಕಾಫಿಯ ಬಣ್ಣದ ಕೆಸರು ಮೆತ್ತಿಕೊಂಡಿತ್ತು. ಬೆರಳಿನಿಂದ ತೆಗೆದು ಬುರ್ರನ ಮೂಗಿನ ಹತ್ತಿರ ಹಿಡಿದ.

"ಎಣ್ಣೆ ಅಲ್ಲ ಇದು. ಲೇಹ್ಯ."

ಬುರ್ರನ ಸಿಟ್ಟು ನೆತ್ತಿಗೇರಿತು. "ಗೊತ್ತಿತ್ತು ನನಗೆ! ಆ ಮುದಿಯಾ ನೀರು ಸುರಿದಿದಾನೆ. ಬೇಕಂತ!" ಗೋಡೆಗೆ ಒರಗಿಸಿದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡು ಹೊರಟೇಬಿಟ್ಟ. ಯಜಮಾನರ ಆಫೀಸಿನ ಗಾಜು ಎಷ್ಟು ಅಗಲ, ಎಲ್ಲಿ ಹೊಡೆದರೆ ಪೂರ್ತಿ ಬೀಳುತ್ತದೆ ಎನ್ನುವುದು ಅದನ್ನು ದಿನವೂ ಒರೆಸಿದ ಅವನಿಗೆ ಗೊತ್ತಿತ್ತು.

"ಏ ಸಲಾಕೆ ಇಡು, ಅದು ನಂದು," ಎಂದ ಮಾವ. "ಹೊಡಿಯೋಕೆ ಮುಂಚೆ ಒಂದು ಮಾತು ಹೇಳು. ಈ ಗಾಡೀನ ದಿನಾ ಸ್ಟಾರ್ಟ್ ಮಾಡ್ತಿದ್ದೋರು ಯಾರು?"

"ನಾನು."

"ಎಷ್ಟ್ ಹೊತ್ತು?"

"ಗಿರಾಕಿ ಬಂದಾಗ ಒಂದೊಂದು ಸಲ. ಒಂದ್ ನಿಮಿಷ, ಎರಡ್ ನಿಮಿಷ. ರಜಾ ದಿನಾನೂ ಹೋಗಿ ಮಾಡ್ತಿದ್ದೆ ಮಾವ, ಬ್ಯಾಟರಿಗೆ ಅಂತ. ಮಗು ಥರ ನೋಡ್ಕೊಂಡಿದೀನಿ."

"ಬಿಸಿ ಆಗೋವರೆಗೂ?"

ಬುರ್ರ ಇಲ್ಲವೆಂದು ತಲೆಯಾಡಿಸಿದ.

"ಅದೇ. ತಣ್ಣಗಿರೋ ಎಂಜಿನ್ ಶುರು ಮಾಡಿದ್ರೆ ಒಳಗೆ ಬೆವರು ಕೂರತ್ತೆ. ದೂರ ಓಡಿಸಿದ್ರೆ ಬಿಸಿಗೆ ಆ ನೀರು ಆವಿಯಾಗಿ ಹೋಗತ್ತೆ. ನೀನು ಬಿಸಿ ಆಗೋಕ್ ಮುಂಚೆ ಆರಿಸ್ದೆ. ನಾಳೆ ಮತ್ತೆ ಅದೇ, ನಾಡಿದ್ದೂ ಅದೇ. ಆ ನೀರೆಲ್ಲ ಎಣ್ಣೇಲಿ ಕಲಸಿ ಹಿಂಗಾಗಿದೆ." ಮಾವ ಬೆರಳನ್ನು ಬುರ್ರನ ಅಂಗಿಗೇ ಒರೆಸಿದ. "ಮಗು ಅಂದ್ಯಲ್ಲ? ಆ ಮಗೂನ ದಿನಾ ಎಬ್ಬಿಸಿ, ಕಿರುಚಿಸಿ, ಮತ್ತೆ ಮಲಗಿಸಿದೀಯ. ಒಂದಿನಾನೂ ನಡೆಸಿಲ್ಲ."

ಸಲಾಕೆ ಕೈಯಿಂದ ಜಾರಿ ನೆಲದ ಮೇಲೆ ಠಣ್ ಅಂದಿತು. ಬೈಯಲು ಯಾರೂ ಸಿಗದಿದ್ದಾಗ ಆಗುವ ಸಂಕಟ ಸಿಟ್ಟಿಗಿಂತ ಕೆಟ್ಟದ್ದು. ಬುರ್ರ ಟಯರಿನ ರಾಶಿಯ ಮೇಲೆ ಕೂತು ತನ್ನ ಬಲಗಾಲನ್ನೇ ನೋಡಿದ. ಆ ಕಾಲಿನಿಂದಲೇ ಒತ್ತಿದ್ದು.

"ಮಾವ, ಸತ್ತೋಯ್ತಾ?"

"ದೀಪ ಕಂಡ ತಕ್ಷಣ ಆರಿಸಿದ್ರೆ ಬದುಕಿರಬಹುದು. ಆರಿಸದೆ ಶೂರತನ ತೋರಿಸಿದ್ರೆ ಗುಜರಿ. ಬಿಚ್ಚಿ ನೋಡ್ಬೇಕು." ಮಾವ ಆಕಳಿಸಿದ. "ನನ್ನ ಕೇಳಿದ್ರೆ ಹಂಗೇ ಕೊಟ್ಬಿಡು ಯಾರಿಗಾದ್ರೂ. ನಿನಗ್ಯಾಕೆ ಆನೆ ಸಾಕೋ ಕೆಲ್ಸ?"

ಕೊಳ್ಳುವವರು ತಾವಾಗಿಯೇ ಬಂದರು. ಮರುದಿನ ಮಧ್ಯಾಹ್ನ, ಬುರ್ರ ಕಾರಿನ ಕೆಳಗೆ ಮಲಗಿ ಹಳೇ ಎಣ್ಣೆ ಇಳಿಸುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ಹೊಳೆಯುವ ಬೂಟು ಕಾಣಿಸಿತು. ಆ ಬೂಟಿಗೆ ಪಾಲಿಶ್ ಹಾಕಿದ್ದೂ ಅವನೇ. ಹೊರಗೆ ಬಂದು ಎದ್ದು ನಿಂತ. ಅಷ್ಟರಲ್ಲಿ ಅಕ್ಕನೂ ಅವನಿಗೆ ಊಟದ ಡಬ್ಬಿ ತಂದಿದ್ದಳು. ಬಗಲಲ್ಲಿ ಯಜಮಾನರ ಅಂಗಳಕ್ಕೇ ಹೊಲಿದ ಸೀಟು ಕವರುಗಳ ಗಂಟು. ಹರಿದ ಸೀಟುಗಳನ್ನು ಮುಚ್ಚುವ ಕವರು ಹೊಲಿಯುವುದು ಅವಳ ಕೆಲಸ. ಮನೆಯ ಮುಂದಿನ ಕೋಣೆಯ ಮಷೀನು ತಿರುಗುತ್ತಿದ್ದದ್ದೇ ಆ ಅಂಗಳದಿಂದ.

"ನೋಡಮ್ಮ, ನೀನೂ ಇರೋದು ಒಳ್ಳೇದಾಯ್ತು," ಎಂದರು ಯಜಮಾನರು. ದನಿ ಬೆಣ್ಣೆ. "ನಿನ್ನೆ ಏನೋ ಮಾತು ಬಂತು, ಹೋಯ್ತು. ಕಟ್ಟೆ ಖಾಲಿ ನೋಡಿ ಒಬ್ಬ ಗಿರಾಕಿನೂ ಒಳಗೆ ಬರ್ಲಿಲ್ಲ ಬೆಳಿಗ್ಗೆಯಿಂದ. ಗಾಡಿ ವಾಪಸ್ ಕೊಡ್ಲಿ. ಕೊಟ್ಟ ದುಡ್ಡು ಪೂರ್ತಿ ಕೊಡ್ತೀನಿ. ಕೆಲ್ಸಕ್ಕೂ ಬರ್ಲಿ, ಸಂಬಳ ಜಾಸ್ತಿ ಮಾಡ್ತೀನಿ."

"ಅದು ಕೆಟ್ಟಿದೆ," ಎಂದ ಬುರ್ರ. ಅವರಿಗೆ ಸುಳ್ಳು ಹೇಳಿ ತಲೆಗೆ ಕಟ್ಟುವುದು ಅವನಿಗೆ ಆಗಲಿಲ್ಲ.

"ಕೆಟ್ಟಿರಲಿ ಬಿಡೋ! ಇನ್ನೊಂದಿಷ್ಟು ದಿನ ನಿಂತಲ್ಲೇ ಬುರ್ರ್ ಅನ್ನತ್ತಲ್ಲ? ನಂಗಷ್ಟೇ ಬೇಕಾಗಿರೋದು. ಓಡೋದು ಯಾರಿಗೆ ಬೇಕು?"

ಸುಳ್ಳೇಕೆ ಹೇಳಬೇಕು, ಒಂದು ಕ್ಷಣ ಬುರ್ರನ ಮನಸ್ಸು ಜಾರಿತು. ಪೂರ್ತಿ ದುಡ್ಡು. ಜಾಸ್ತಿ ಸಂಬಳ. ನೆರಳಿನಲ್ಲಿ ಚರ್ಮದ ಸೀಟಿನ ಮೇಲೆ ಕೂತು ಕೀಲಿ ತಿರುಗಿಸುವ ಕೆಲಸ. ಜಗತ್ತಿನಲ್ಲಿ ಎಷ್ಟು ಜನರಿಗೆ ಸಿಗುತ್ತದೆ? ಅವನು ಬಾನೆಟ್ ಕಡೆ ನೋಡಿದ. ಕೆಳಗಿಟ್ಟ ಬೋಗುಣಿಗೆ ಕೆಸರಿನಂಥ ಎಣ್ಣೆ ಇನ್ನೂ ಲೊಳಕ್ ಲೊಳಕ್ ಎಂದು ಬೀಳುತ್ತಿತ್ತು. ಅದು ಅಷ್ಟೂ ನಿಂತಲ್ಲೇ ಬುರ್ರ್ ಅಂದದ್ದರ ಫಲ.

"ಕೊಡಲ್ಲ," ಎಂದ.

"ಯೋಚ್ನೆ ಮಾಡಿ ಮಾತಾಡು."

"ಯೋಚ್ನೆ ಮಾಡಿದ್ರೆ ಕೊಟ್ಬಿಡ್ತೀನೇನೋ ಅಂತ್ಲೇ ಮಾಡ್ತಿಲ್ಲ. ಕೊಡಲ್ಲ."

ಯಜಮಾನರ ದನಿಯ ಬೆಣ್ಣೆ ಕರಗಿತು. ಒಳಗಿನ ಕಲ್ಲು ಕಾಣಿಸಿತು. "ಆಯ್ತು. ನಿಮ್ಮಕ್ಕ ಹೊಲಿಯೋ ಕವರು ಯಾರು ತಗೋತಾರೆ ಅಂತಾನೂ ಯೋಚ್ನೆ ಮಾಡಬೇಡ. ನಾಳೆಯಿಂದ ನನ್ನ ಅಂಗಳಕ್ಕೆ ಒಂದು ದಾರಾನೂ ಬೇಡ."

 ತನ್ನ ಹೊಟ್ಟೆಯ ಮೇಲೆ ಹೊಡೆದರೆ ಬುರ್ರ ತಿರುಗಿ ಹೊಡೆಯಬಲ್ಲ. ಇದು ಅಕ್ಕನ ಮಷೀನು. ಅವನು ಅವಳ ಮುಖ ನೋಡಿದ. ಅವಳು ಹೇಳಿದರೆ ಕೀಲಿ ಕೊಡಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವಳು ಹೇಳದಿರಲಿ ಎಂದು ಹಲ್ಲು ಕಚ್ಚಿ ನಿಂತ.

ಅಕ್ಕ ಊಟದ ಡಬ್ಬಿಯನ್ನು ಕೆಳಗಿಟ್ಟಳು. ಗಂಟನ್ನು ಬಗಲಿನಿಂದ ಇಳಿಸಿ ಯಜಮಾನರ ಎದೆಗೆ ಒತ್ತಿ ಹಿಡಿದಳು. ಅವರು ಹಿಡಿದುಕೊಳ್ಳಲೇಬೇಕಾಯಿತು.

"ಇದು ಕೊನೇದು, ಎಣಿಸ್ಕೊಳ್ಳಿ," ಎಂದಳು. "ನಿಮ್ಮ ಸೀಟುಗಳ ಹೊಟ್ಟೆ ಹೆಂಗೆ ಹರಿದಿದೆ ಅಂತ ಈ ಊರಲ್ಲಿ ಗೊತ್ತಿರೋದು ನನ್ನ ಸೂಜಿಗೊಂದಕ್ಕೇ. ಕವರು ಇಲ್ದೆ ಮಾರಿ ನೋಡಿ, ನಾಳೆ ಇನ್ನೊಂದು ಹುಡುಗಿನ ಹುಡುಕ್ತೀರ, ಅವಳು ಎರಡರಷ್ಟು ಕೇಳ್ತಾಳೆ. ಕಾರು ಮಾರೋನು ನೀವೊಬ್ರೇ ಅಂದ್ಕೊಂಡ್ರಾ? ಮಾರುಕಟ್ಟೆ ಹಿಂದಿನ ಬೀದೀಲಿ ಬಸ್ಸಿನ ಸೀಟು ಹೊಲಿಯೋರು ನನ್ನ ಯಾವಾಗಿಂದ ಕರೀತಿದಾರೆ."

"ಕರೀತಿದಾರಾ?" ಎಂದು ಬುರ್ರ ಬೆರಗಾಗಿ ಕೇಳಿದ.

"ನೀನು ಸುಮ್ನಿರು!" ಎಂದಳು ಅಕ್ಕ.

ಯಜಮಾನರು ಗಂಟು ಹೊತ್ತುಕೊಂಡು ಹೋದರು. ಬೂಟಿನ ಮೇಲೆ ಗ್ರೀಸು ಅಂಟಿತ್ತು. ಒರೆಸಿಕೊಡುವವರು ಯಾರೂ ಇರಲಿಲ್ಲ.

ಅವರು ತಿರುವು ದಾಟಿದ ಮೇಲೆ ಅಕ್ಕ ತಮ್ಮನ ಕಡೆ ತಿರುಗಿದಳು. "ಕರೀತಿರಲಿಲ್ಲ. ಈಗ ಹೋಗಿ ಕೇಳ್ತೀನಿ. ಕೊಡಲ್ಲ ಅಂದ್ರೆ ಕೊಡೋವರೆಗೂ ಅಲ್ಲೇ ಕೂರ್ತೀನಿ. ನಿನಗೊಬ್ಬನಿಗೇನಾ ಹಟ ಇರೋದು?" ಆಮೇಲೆ ಕಾರನ್ನು ಮೇಲಿಂದ ಕೆಳಗೆ ನೋಡಿದಳು. "ಈ ಶನಿ ಓಡದೇ ಹೋದ್ರೆ ಮಾತ್ರ ನಿನ್ನ ಇದರೊಳಗೇ ಕೂರಿಸಿ ಹೊಲಿದುಬಿಡ್ತೀನಿ."

ಓಡಿಸಲೇಬೇಕಾಯಿತು. ಮಾವ ಎಂಜಿನ್ನಿನ ತಳದ ತಟ್ಟೆ ಇಳಿಸಿದ. ಎಣ್ಣೆ ಹೀರುವ ಜಾಲರಿ ಕೆಸರು ಕಟ್ಟಿ ಒಂದು ಸೂಜಿಯೂ ತೂರದ ಹಾಗೆ ಮುಚ್ಚಿಹೋಗಿತ್ತು. ಬುರ್ರ ಸೀಮೆಎಣ್ಣೆಯ ಡಬ್ಬಿ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತ. ಮೈ ಉಜ್ಜಿ ಹೊಳಪು ಕೊಡುವುದರಲ್ಲಿ ಅವನು ಎತ್ತಿದ ಕೈ. ಈಗ ಯಾರ ಕಣ್ಣಿಗೂ ಬೀಳದ ಕಡೆ ಉಜ್ಜಬೇಕಿತ್ತು. ಒಳಗಿನ ಒಂದೊಂದು ಸಂದಿಯಿಂದಲೂ ಕೆಸರು ಕೆರೆದು ತೆಗೆದ. ತೆಗೆದಷ್ಟೂ ತಾನು ಒತ್ತಿದ ಒಂದೊಂದು ಬುರ್ರ್ ಕೈಗೆ ಸಿಗುತ್ತಿರುವಂತೆ ಅನ್ನಿಸಿ, ಇನ್ನಷ್ಟು ಜೋರಾಗಿ ಉಜ್ಜಿದ. ಉಗುರುಗಳ ಕೆಳಗೆ ಕಪ್ಪು ಕೂತು ಎಷ್ಟು ತೊಳೆದರೂ ಹೋಗದಾಯಿತು. ಹೊಟ್ಟೆಪಾಡಿಗೆ ಮಾವನ ಶೆಡ್ಡಿನಲ್ಲೇ ಬೇರೆ ಗಾಡಿಗಳ ಚಕ್ರ ಬಿಚ್ಚಿದ, ಬೈಸಿಕೊಂಡ, ತಿರುಗಿ ಬೈದ.

ಕೊನೆಗೆ ಮಾವ ಎಂಜಿನ್ನಿನ ಕೆಳಗೆ ತಲೆ ಹಾಕಿ, ತಿರುಗುವ ದಂಡದ ಬೇರಿಂಗ್ ಒಂದನ್ನು ತೆಗೆದು ಬೆಳಕಿಗೆ ಹಿಡಿದ. ಗೀರು ಬಿದ್ದಿತ್ತು. 

"ಬದುಕಿದೆ," ಎಂದ ಮಾವ. "ಒಂದು ಉಸಿರು ತಡ ಮಾಡಿದ್ರೂ ಹೋಗಿರೋದು. ಸದ್ಯ, ನಿನಗೆ ಹೆದರಿಕೆ ಆಗಿದೆ ಒಂದ್ಸಲ."

"ಹೆದರಿಕೆ ಯಾರಿಗಾಯ್ತು?"

"ಸರಿ ಬಿಡಪ್ಪ, ಕಾಲಿಗೆ ಆಯ್ತು."

ಬೇರಿಂಗ್, ಚಪ್ಪಟೆ ಟಯರು ಬದಲಿಸಿ, ಹೊಸ ಎಣ್ಣೆ ಹಾಕಿ ಜೋಡಿಸಿದ್ದಾಯಿತು. ಮಾವನ ಕೈಯಲ್ಲಿ ಒಂದು ಬೋಲ್ಟ್ ಉಳಿಯಿತು. ಇಬ್ಬರೂ ಅದನ್ನು ನೋಡಿದರು. ಮಾವ ಅದನ್ನು ಕಾರಿನ ಒಳಗೆ, ಗೇರಿನ ಹಿಂದಿನ ಸಣ್ಣ ಗುಳಿಯಲ್ಲಿ ಹಾಕಿದ. "ಇರ್ಲಿ. ಜಾಸ್ತೀದು. ಈಗ ಕೇಳು, ನಿಲ್ಸಿ ಬುರ್ರ್ ಅನ್ನಿಸಬೇಡ. ಊರು ದಾಟಿ ದೂರ ಹೊಡಿ. ಎಂಜಿನ್ ಬಿಸಿ ಆಗ್ಲಿ, ಒಳಗಿರೋ ನೀರೆಲ್ಲ ಹೋಗ್ಲಿ."

ಭಾನುವಾರ ಬೆಳಿಗ್ಗೆ ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದು ಹಿಂದಿನ ಸೀಟಿನ ಬಾಗಿಲು ತೆಗೆದಳು. ಬಸ್ಸಿನ ಸೀಟಿನವರು ಕೊನೆಗೂ ಕೆಲಸ ಕೊಟ್ಟಿದ್ದರು. ಕೂತ ಎರಡನೇ ದಿನವೇ, ಕಾಟ ತಡೆಯಲಾರದೆ.

"ಮುಂದೆ ಕೂತ್ಕೊ ಅಕ್ಕ."

"ಯಾಕೆ? ಡ್ರೈವರ್ ಇರೋ ಕಾರಲ್ಲಿ ಹಿಂದೇನೇ ಕೂರೋದು," ಎಂದಳು. ಆದರೂ ಮುಂದೆಯೇ ಬಂದು ಕೂತಳು.

ಊರು ದಾಟುವ ರಸ್ತೆ ಆ ಅಂಗಳದ ಮುಂದೆಯೇ ಹೋಗಬೇಕು. ಕಟ್ಟೆಯ ಮೇಲೆ ಈಗ ಒಂದು ಕೆಂಪು ಕಾರಿತ್ತು, ಮೈಮೇಲೆ ಪಟ್ಟೆ, ಹಿಂದೆ ರೆಕ್ಕೆ. ಸೋಪಿನ ಡಬ್ಬಿಗೇ ವೇಷ ಹಾಕಿದ್ದರು. ಅದರ ಮುಂದೆ ಒಬ್ಬ ಗಂಡಸು, ಅವನ ಹೆಂಡತಿ. ಯಜಮಾನರು ಕೈಯಾಡಿಸಿ ಮಾತಾಡುತ್ತಿದ್ದವರು ಕಡುನೀಲಿ ಬಣ್ಣ ಕಂಡು ನಿಲ್ಲಿಸಿದರು. ಗಂಡಸೂ ತಿರುಗಿದ. ರಸ್ತೆಯ ಧೂಳು ಎದ್ದು ಬಂದು ಕಣ್ಣಿಗೆ ಬಿದ್ದಿರಬೇಕು, ಯಜಮಾನರ ಕೈ ಕನ್ನಡಕಕ್ಕೆ ಹೋಯಿತು. ಅವರು ಅದನ್ನು ಮೂಗಿನಿಂದ ಇಳಿಸಿ ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

ಬುರ್ರನ ಬಲಗಾಲು ತಾನಾಗಿ ಮಿಡಿಯಿತು. ಅಷ್ಟು ವರ್ಷದ ಅಭ್ಯಾಸ, ಆ ಕನ್ನಡಕ ಇಳಿದರೆ ಕಾಲು ಇಳಿಯಲೇಬೇಕು. ಒಂದು ಸಲ ಗುಡುಗಿಸಿ ಆ ತಗಡಿನ ಬೋರ್ಡನ್ನು ಬೀಳಿಸಿಯೇ ಹೋಗಬೇಕೆಂದು ಎಷ್ಟು ದಿನಗಳಿಂದ ಅಂದುಕೊಂಡಿದ್ದ. ಕಾಲನ್ನು ಬಿಗಿಹಿಡಿದ. ಎಷ್ಟು ಬಿಗಿಯಾಗಿ ಹಿಡಿದನೆಂದರೆ ಮೀನಖಂಡ ನೋಯಿತು. ಕಾರು ಬೆಕ್ಕಿನ ಹೆಜ್ಜೆಯಲ್ಲಿ, ಒಂದು ಸೊಲ್ಲೂ ಎತ್ತದೆ, ಅಂಗಳದ ಉದ್ದಕ್ಕೂ ಹಾದುಹೋಯಿತು. ಔಷಧಿ ಅಂಗಡಿಯಾಕೆ ತಲೆಯನ್ನೇ ಎತ್ತಲಿಲ್ಲ. ಬುರ್ರ ಯಜಮಾನರ ಕಡೆ ನೋಡಲಿಲ್ಲ. ಕನ್ನಡಿಯಲ್ಲಿ ಮಾತ್ರ, ಕನ್ನಡಕ ಕೈಯಲ್ಲೇ ಹಿಡಿದು ನಿಂತ ಒಂದು ಆಕೃತಿ ಸಣ್ಣದಾಗುತ್ತಾ ಹೋಯಿತು.

"ಯಾಕೋ, ಬುರ್ರ್ ಅನ್ನಿಸ್ಲೇ ಇಲ್ವಲ್ಲೋ?" ಎಂದಳು ಅಕ್ಕ, ಸ್ವಲ್ಪ ನಿರಾಸೆಯಿಂದಲೇ. "ನಾನು ಕೈ ಬೀಸೋಣ ಅಂತಿದ್ದೆ."

"ಅವರು ಕನ್ನಡಕ ಒರೆಸಿದಾಗ ನಾನ್ಯಾಕೆ ಗುಡುಗಿಸ್ಲಿ? ನಾನೇನು ಅವರ ಆಳಾ?"

ನೀರಿನ ಟ್ಯಾಂಕಿನ ಏರು ಬಂತು. ಬುರ್ರ ಒಮ್ಮೆ ಎಣ್ಣೆಯ ದೀಪದ ಜಾಗ ನೋಡಿದ, ಕಪ್ಪಗಿತ್ತು. ಅವನು ಇನ್ನೂ ಒತ್ತಲಿಲ್ಲ. ಏರು ಹತ್ತಿ, ಇಳಿದು, ಮನೆಗಳು ಮುಗಿದು, ರಸ್ತೆ ಖಾಲಿಯಾಗಿ ನೆಟ್ಟಗೆ ಮಲಗಿದಲ್ಲಿಯವರೆಗೂ ಹಾಗೇ ಓಡಿಸಿದ. ಹಿಂದಿನ ಕೊಳವೆಗಳಿಂದ ಬಿಳಿಯ ಆವಿ ಬರುತ್ತಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಅದು ಮೆಲ್ಲಗೆ ತೆಳುವಾಗಿ ನಿಂತುಹೋಯಿತು. ಬಿಸಿ ತೋರಿಸುವ ಮುಳ್ಳು, ಅವನು ವರ್ಷಗಟ್ಟಲೆ ಧೂಳು ಒರೆಸಿದ್ದರೂ ಒಂದು ದಿನವೂ ತಳ ಬಿಟ್ಟು ಏಳದಿದ್ದ ಮುಳ್ಳು, ಮೇಲೆದ್ದು ನಡುವಿಗೆ ಬಂದು ನಿಂತಿತು.

ಗುಳಿಯಲ್ಲಿ ಮಾವನ ಬೋಲ್ಟ್ ಕಟಕಟ ಅನ್ನುತ್ತಿತ್ತು. ಅಕ್ಕ ಅದನ್ನು ಎತ್ತಿ ನೋಡಿದಳು.

"ಏನೋ ಇದು? ಎಲ್ಲೀದು?"

"ಜಾಸ್ತೀದು. ಗಟ್ಟಿಯಾಗಿ ಹಿಡ್ಕೊ."

"ಬೋಲ್ಟಾ?"

"ಬಾಗಿಲು," ಎಂದು ಬುರ್ರ ಕಾಲು ಒತ್ತಿದ.